ಒಂಬತ್ತನೇ ತರಗತಿಗೆ ಒಂದು ಇಡೀ ಕಾದಂಬರಿ: ಉಡುಪಿ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಕರಾವಳಿಯ ಎರಡು ಜಿಲ್ಲೆಗಳ ನಡುವೆ ನಡೆಯುವ ಮೇಲಾಟ ತಮಗೆ ಹೊಸದಲ್ಲ. 2024ರಲ್ಲಿ ಶೇ. 94 ಫಲಿತಾಂಶದೊಂದಿಗೆ ಉಡುಪಿ ರಾಜ್ಯಕ್ಕೆ ಮೊದಲು, ಶೇ. 92.12ರೊಂದಿಗೆ ದಕ್ಷಿಣ ಕನ್ನಡ ಎರಡನೆಯದು. ಮರುವರ್ಷ ಶೇ. 91.12 ಪಡೆದ ದಕ್ಷಿಣ ಕನ್ನಡ ಮೇಲೆ ಬಂತು, ನಾವು ಶೇ. 89.96ರಲ್ಲಿ ಎರಡನೆಯ ಸ್ಥಾನಕ್ಕೆ ಇಳಿದೆವು. ಇಳಿದದ್ದೇಕೆ ಎಂಬ ಮಾತು ಶಾಲೆಯ ಸಿಬ್ಬಂದಿ ಕೊಠಡಿಯಿಂದ ಹಿಡಿದು ಬಸ್ ನಿಲ್ದಾಣದ ಹೋಟೆಲಿನವರೆಗೂ ನಡೆಯಿತು. ನಾನು ಕೇಳಲು ಹೊರಟಿರುವುದು ಆ ಶೇಕಡಾ ಪಟ್ಟಿಯ ಯಾವ ಕಲಮಿನಲ್ಲೂ ಇಲ್ಲದ ವಿಷಯ. ಹೀಗೆ ತೇರ್ಗಡೆಯಾದ ಮಕ್ಕಳಲ್ಲಿ ಒಂದು ಕನ್ನಡ ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಎಷ್ಟು ಮಂದಿ? ಓದಿ, ಅದರ ಬಗ್ಗೆ ಇನ್ನೊಬ್ಬರೊಡನೆ ವಾದ ಮಾಡಿದವರು ಎಷ್ಟು ಮಂದಿ? ಲೆಕ್ಕ ಇಟ್ಟವರು ಯಾರೂ ಇಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನ್ನ ಅಂದಾಜು ಕೇಳಿದರೆ ತಮಗೆ ಬೇಸರವಾದೀತು, ಆದ್ದರಿಂದ ಹೇಳುವುದಿಲ್ಲ.

ಕೋರಿಕೆ ಒಂದೇ. ಜಿಲ್ಲೆಯ ಪ್ರೌಢಶಾಲೆಗಳ ಒಂಬತ್ತನೆಯ ತರಗತಿಯಲ್ಲಿ ವರ್ಷಕ್ಕೊಂದು ಕಾದಂಬರಿಯನ್ನು ಮಕ್ಕಳು ಒಟ್ಟಿಗೆ ಕುಳಿತು, ಗಟ್ಟಿಯಾಗಿ ಓದಿ, ಮಾತಾಡಿಕೊಳ್ಳಲು ವಾರಕ್ಕೊಂದು ಅವಧಿಯನ್ನು ಬಿಡಿಸಿಕೊಡಿ. ಅದಕ್ಕೆ ಅಂಕ ಇಡಬೇಡಿ.

ಹತ್ತನೆಯ ತರಗತಿ ಬೇಡವೆಂದು ನಾನೇ ಹೇಳುತ್ತಿದ್ದೇನೆ. ಅಲ್ಲಿ ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಸಂಜೆಯ ವಿಶೇಷ ತರಗತಿ ಎಲ್ಲ ಸೇರಿ ಮಕ್ಕಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಎಂಟರಲ್ಲಿ ಮಕ್ಕಳು ಹೊಸ ಶಾಲೆಗೆ ಹೊಂದಿಕೊಳ್ಳುವುದರಲ್ಲಿರುತ್ತಾರೆ. ಒಂಬತ್ತು ಒಂದೇ ನಮಗೆ ಉಳಿದಿರುವ ಬಯಲು. ಅವಧಿಯನ್ನು ಹೊಸದಾಗಿ ಸೃಷ್ಟಿಸುವ ಕಷ್ಟವೂ ಇಲ್ಲ. ಅನೇಕ ಶಾಲೆಗಳ ವೇಳಾಪಟ್ಟಿಯಲ್ಲಿ ‘ಗ್ರಂಥಾಲಯ’ ಎಂಬ ಅವಧಿ ಈಗಲೂ ಇದೆ; ಗಣಿತದವರೋ ವಿಜ್ಞಾನದವರೋ ಅದನ್ನು ಎರವಲು ಪಡೆದು ಹಿಂದಿರುಗಿಸದೆ ವರ್ಷಗಳಾಗಿವೆ, ಅಷ್ಟೇ.

ಈಗ ಕನ್ನಡ ತರಗತಿಯಲ್ಲಿ ಏನಾಗುತ್ತಿದೆ ಎಂಬುದನ್ನು ತಾವು ತಪಾಸಣೆಗೆ ಹೋದಾಗ ಕಂಡಿರುತ್ತೀರಿ. ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ ಬರವಣಿಗೆಗೆ 100. ಆ ನೂರನ್ನು ಕೈತಪ್ಪದಂತೆ ಕಟ್ಟಿಹಾಕುವ ವಿದ್ಯೆಯಲ್ಲಿ ನಮ್ಮ ಅಧ್ಯಾಪಕರು ಪಳಗಿದ್ದಾರೆ. ‘ಈ ಮಾತನ್ನು ಯಾರು ಯಾರಿಗೆ ಹೇಳಿದರು’ ಎಂದು ಕೇಳಿದರೆ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಸಂದರ್ಭ ಸಹಿತ ಸ್ವಾರಸ್ಯದ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಅಡ್ಡಗೆರೆ ಎಳೆದು, ಮೂರು ಕಂಡಿಕೆ ತುಂಬುತ್ತಾರೆ. ಸ್ವಾರಸ್ಯದ ಕಂಡಿಕೆಯಲ್ಲಿ ನೋಟ್ಸ್‌ನಲ್ಲಿ ಬರೆಸಿದ ವಾಕ್ಯ ಬರುತ್ತದೆ. ನಲವತ್ತು ಉತ್ತರ ಪತ್ರಿಕೆಗಳಲ್ಲಿ ನಲವತ್ತು ಮಕ್ಕಳಿಗೂ ಅದೇ ಮಾತು ಸ್ವಾರಸ್ಯಕರವಾಗಿ, ಅದೇ ಕಾರಣಕ್ಕೆ ಸ್ವಾರಸ್ಯಕರವಾಗಿ ಕಂಡಿರುತ್ತದೆ. ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಅವನ್ನು ತಿದ್ದುವಾಗ ನನಗೆ ನಗು ಬಂದದ್ದೂ ಇದೆ, ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತದ್ದೂ ಇದೆ.

ಪಠ್ಯಪುಸ್ತಕದ ತಪ್ಪು ಇದಲ್ಲ. ಗದ್ಯ, ಪದ್ಯ, ಪೂರಕ ಪಾಠ ಎಂದು ಎಲ್ಲವೂ ಅದರಲ್ಲಿದೆ. ಆದರೆ ಅದರಲ್ಲಿರುವುದೆಲ್ಲ ತುಂಡು. ಒಂದು ದೊಡ್ಡ ಕೃತಿಯಿಂದ ಐದಾರು ಪುಟ ಕತ್ತರಿಸಿ ತಂದರೆ ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಆ ಪಾತ್ರದ ಮೇಲೆ ಮಗುವಿಗೆ ಸಿಟ್ಟು ಬರುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಇಡೀ ಕೃತಿಯೊಂದನ್ನು ಪಠ್ಯವಾಗಿ ಕಾಣುವುದು ಪಿಯುಸಿಯಲ್ಲಿ. ನಮ್ಮ ಕಡೆ ವಿಜ್ಞಾನ ತೆಗೆದುಕೊಂಡ ಮಕ್ಕಳಲ್ಲಿ ಬಹಳಷ್ಟು ಮಂದಿ ಅಂಕದ ಆಸೆಗೆ ಅಲ್ಲಿ ಸಂಸ್ಕೃತವನ್ನೋ ಹಿಂದಿಯನ್ನೋ ಆರಿಸಿಕೊಂಡು ಕನ್ನಡಕ್ಕೆ ಕೈಮುಗಿದಿರುತ್ತಾರೆ. ಪಠ್ಯ ಪರಿಷ್ಕರಣೆಯ ಜಗಳಗಳು ರಾಜ್ಯದಲ್ಲಿ ಎಷ್ಟೋ ಆದವು. ಯಾರ ಪಾಠ ಇರಬೇಕು, ಯಾರದನ್ನು ತೆಗೆಯಬೇಕು ಎಂದು ಬೀದಿಯಲ್ಲೂ ವಿಧಾನಸೌಧದಲ್ಲೂ ಕೂಗಾಡಿದವರಲ್ಲಿ ಒಬ್ಬರಾದರೂ, ಇದ್ದ ಪಾಠವನ್ನು ಮಕ್ಕಳು ಹೇಗೆ ಓದುತ್ತಿದ್ದಾರೆ ಎಂದು ಕೇಳಿದ್ದು ನನಗೆ ನೆನಪಿಲ್ಲ.

ನನಗೆ ಆಶ್ಚರ್ಯವಾಗುವುದು ಇದು ಈ ನೆಲದಲ್ಲಿ ಹೀಗಾಯಿತಲ್ಲ ಎಂದು. ತಾಳಮದ್ದಳೆಯ ಊರು ನಮ್ಮದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಇತ್ತ ನಾಲ್ಕು ಮಂದಿ, ಅತ್ತ ನಾಲ್ಕು ಮಂದಿ ಪಂಚೆ ಶಾಲಿನಲ್ಲಿ ಕುಳಿತು ಅರ್ಥ ಹೇಳುತ್ತಾರೆ. ‘ವಾಲಿವಧೆ’ಯ ಕಥೆ ಎದುರು ಕುಳಿತ ಅಜ್ಜಿಗೂ ಗೊತ್ತು. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ತರಾಟೆಗೆ ತೆಗೆದುಕೊಳ್ಳುವುದನ್ನು ಕೇಳಲು ಜನ ಬರುತ್ತಾರೆ. ಈ ಸಲದ ವಾಲಿ ಹೋದ ಸಲದ ವಾಲಿಯಂತೆ ವಾದಿಸುವುದಿಲ್ಲ. ರಾಮನ ಪಾತ್ರಧಾರಿಗೆ ಉತ್ತರ ಹೊಳೆಯದೆ ಒಂದು ಕ್ಷಣ ತಡೆದರೆ ಸಭೆಯೇ ಮುಂದಕ್ಕೆ ಬಾಗುತ್ತದೆ. ಮರುದಿನ ಅಂಗಡಿ ಜಗಲಿಯಲ್ಲಿ, ವಾಲಿ ಗೆದ್ದನೋ ರಾಮ ಗೆದ್ದನೋ ಎಂದು ಪಂಚಾಯಿತಿಕೆ. ನಮ್ಮ ಜಿಲ್ಲೆಯ ಎಷ್ಟೋ ಪ್ರೌಢಶಾಲೆಗಳಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಯಕ್ಷಗಾನ ಕಲಿತು, ಒಂದು ಇಡೀ ಪ್ರಸಂಗವನ್ನು ರಂಗಕ್ಕೆ ತರುತ್ತಾರೆ. ಸಂಜೆ ನಾಲ್ಕೂವರೆಗೆ ಕೃಷ್ಣನ ಎದುರು ಕೌರವನ ಪಕ್ಷ ಹಿಡಿದು ಮಾತಾಡಬಲ್ಲ ಹುಡುಗಿ ಬೆಳಗ್ಗೆ ಹನ್ನೊಂದರ ಕನ್ನಡ ಅವಧಿಯಲ್ಲಿ ಬೋರ್ಡಿನ ಮೇಲಿನ ಸ್ವಾರಸ್ಯವನ್ನು ನಕಲು ಮಾಡಿಕೊಳ್ಳುತ್ತಿರುತ್ತಾಳೆ.

ಸೇವೆಯಲ್ಲಿದ್ದಾಗ ಗ್ರಂಥಾಲಯದ ಅವಧಿಯನ್ನು ಗಣಿತದವರಿಂದ ಜಗಳವಾಡಿ ಬಿಡಿಸಿಕೊಂಡು, ಒಂಬತ್ತನೆಯವರೊಡನೆ ನಾನು ಹೆಚ್ಚಾಗಿ ಓದಿದ್ದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರ ಕಾದಂಬರಿ. ಕೋಟದಲ್ಲಿ ಹುಟ್ಟಿದ ಲೇಖಕರು, ನಮ್ಮ ಮಕ್ಕಳಿಗೆ ಪ್ರತಿಮೆಯಾಗಿ, ಥೀಮ್ ಪಾರ್ಕ್ ಆಗಿ, ರಸಪ್ರಶ್ನೆಯ ‘ಜ್ಞಾನಪೀಠ ಬಂದದ್ದು ಯಾವ ಕೃತಿಗೆ’ ಎಂಬ ಒಂದಂಕದ ಪ್ರಶ್ನೆಯಾಗಿ ಚೆನ್ನಾಗಿ ಪರಿಚಿತರು. ಪುಸ್ತಕ ತೆಳ್ಳಗಿದೆ, ಜೂನ್‌ನಲ್ಲಿ ಹಿಡಿದರೆ ಮಳೆ ರಜೆಗಳನ್ನೆಲ್ಲ ಕಳೆದರೂ ದಸರಾ ರಜೆಯೊಳಗೆ ಮುಗಿಯುತ್ತದೆ. ನಾಲ್ಕೈದು ಮಕ್ಕಳಿಗೆ ಒಂದು ಪ್ರತಿ. ಒಬ್ಬರು ಓದುತ್ತಾರೆ, ಉಳಿದವರು ಪುಸ್ತಕದ ಮೇಲೆ ತಲೆಗೆ ತಲೆ ತಾಗಿಸಿ ಕುಳಿತಿರುತ್ತಾರೆ. ಹೊರಗೆ ಆಟಿಯ ಮಳೆ ಹೆಂಚಿನ ಮೇಲೆ ಹೊಡೆಯುವಾಗ ಓದುವವರು ಬೊಬ್ಬೆ ಹೊಡೆದೇ ಓದಬೇಕು. ಮೆಲುದನಿಯ ಮಕ್ಕಳಿಗೂ ಗಂಟಲು ಬಿಟ್ಟದ್ದು ಹಾಗೆಯೇ.

ಚೋಮನಿಗೆ ಬೇಕಿದ್ದದ್ದು ಸಾಗುವಳಿಗೆ ಒಂದು ತುಂಡು ಗದ್ದೆ. ಎತ್ತುಗಳಿವೆ, ತೋಳಿನಲ್ಲಿ ಬಲ ಇದೆ, ಹುಟ್ಟಿದ ಜಾತಿ ಬಿಡುವುದಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಒಂದಿಷ್ಟು ಕರಗುತ್ತದೆ, ಅವನ ತಾಯಿ ಅಡ್ಡ ನಿಲ್ಲುತ್ತಾಳೆ. ಈ ಭಾಗ ಓದಿ ನಿಲ್ಲಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಟೀಚರ್, ಸಂಕಪ್ಪಯ್ಯ ಕೆಟ್ಟವನಾ?’ ನಾನು ಕೇಳಬೇಕೆಂದುಕೊಂಡಿದ್ದ ಪ್ರಶ್ನೆ ಬೇರೆಯೇ ಇತ್ತು, ಅದನ್ನು ಅಲ್ಲಿಯೇ ಬಿಟ್ಟೆ. ತರಗತಿ ಎರಡು ಪಾಲಾಯಿತು. ಕೊಡಬೇಕೆಂದು ಅವನಿಗೆ ಮನಸ್ಸಿತ್ತು, ತಾಯಿಯ ಮಾತು ಮೀರುವುದು ಹೇಗೆ ಎಂದು ಒಂದು ಪಾಲು. ಅಷ್ಟರಲ್ಲಿ ಅದುವರೆಗೆ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, ‘ತಾಯಿ ಬೇಡ ಎಂದದ್ದು ಅವನಿಗೂ ಅನುಕೂಲವೇ ಆಯಿತಲ್ಲ?’ ಎಂದಳು. ಯಾವ ಗೈಡಿನಲ್ಲೂ ಇಲ್ಲದ ಮಾತು. ನನಗೂ ಅದುವರೆಗೆ ಹೊಳೆದಿರಲಿಲ್ಲ. ಮಾತು ಕಾವೇರಿದಂತೆ ಅರ್ಧ ತರಗತಿ ತುಳುವಿಗೆ ಜಾರಿತು, ಕೆಲವರು ಕುಂದಾಪುರ ಕನ್ನಡಕ್ಕೆ, ನಾನು ತಡೆಯಲಿಲ್ಲ. ಗಂಟೆ ಹೊಡೆದ ಮೇಲೂ ಮೆಟ್ಟಿಲ ಮೇಲೆ ಸಂಕಪ್ಪಯ್ಯನ ವಿಚಾರಣೆ ನಡೆದೇ ಇತ್ತು.

ಮುಂದಿನ ವಾರ ಇನ್ನೊಬ್ಬ ಹುಡುಗ ಮನೆಯಿಂದ ಒಂದು ಪ್ರಶ್ನೆ ತಂದ. ಅವರ ಗದ್ದೆ, ಗೇಣಿದಾರರು ಭೂಮಿಯ ಹಕ್ಕಿಗೆ ಹಾಕಿದ ಅರ್ಜಿಯಾದ ಡಿಕ್ಲರೇಶನ್‌ನಲ್ಲಿ ಆದದ್ದೆಂದು ಅಜ್ಜ ಹೇಳಿದರಂತೆ. ಹಾಗಾದರೆ ಚೋಮ ಆಗ ಬದುಕಿದ್ದರೆ ಅವನಿಗೂ ಗದ್ದೆ ಸಿಗುತ್ತಿತ್ತೇ? ಸಮಾಜ ವಿಜ್ಞಾನದ ಅಧ್ಯಾಪಕರನ್ನು ಕರೆದು ಕೂರಿಸಿಕೊಂಡೆವು. 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಉಳುವವನೇ ಹೊಲದೊಡೆಯನಾದದ್ದು ನಿಜ. ನಮ್ಮ ಕರಾವಳಿಯಲ್ಲಿ ಅದರಿಂದ ಮನೆಮನೆಯ ಚರಿತ್ರೆಯೇ ಬದಲಾಯಿತು. ಆದರೆ ಭೂಮಿ ಸಿಕ್ಕಿದ್ದು ಗೇಣಿ ಕೊಟ್ಟು ಉಳುತ್ತಿದ್ದ ಒಕ್ಕಲಿಗೆ. ಚೋಮ ಒಕ್ಕಲಲ್ಲ, ಒಡೆಯನ ಮನೆಗೆ ಕಟ್ಟುಬಿದ್ದ ಮೂಲದಾಳು. ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಲು ಅವನ ಹೆಸರಿನಲ್ಲಿ ಗೇಣಿಯೇ ಇಲ್ಲ. ಹೆಚ್ಚೆಂದರೆ ಗುಡಿಸಲಿನ ಅಡಿಸ್ಥಳ ಸಿಗಬಹುದಿತ್ತು. ಇದನ್ನು ಕೇಳಿದ ಮಕ್ಕಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಬ್ಬಳು, ‘ಗದ್ದೆ ಕೊಡದಿದ್ದದ್ದರಿಂದಲೇ ಮತ್ತೆಯೂ ಗದ್ದೆ ಸಿಗಲಿಲ್ಲ’ ಎಂದಳು. ಭೂಸುಧಾರಣೆಯ ಪಾಠವನ್ನು ಆ ವರ್ಷ ನಮ್ಮ ಶಾಲೆಯಲ್ಲಿ ಯಾರೂ ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಇನ್ನೊಬ್ಬ ಹುಡುಗ ಬಾಗಲಕೋಟೆ ಕಡೆಯವನು. ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಬಂದವರು. ಅಂಥ ಮಕ್ಕಳಿಂದಲೇ ನಮ್ಮ ಎಷ್ಟೋ ಸರಕಾರಿ ಕನ್ನಡ ಶಾಲೆಗಳು ಬಾಗಿಲು ತೆರೆದುಕೊಂಡಿವೆ ಎಂಬುದು ತಮಗೂ ಗೊತ್ತು. ಅವನ ಓದು ನಿಧಾನ, ಬೆರಳಿಟ್ಟು ಓದುವುದು, ಉಳಿದವರು ಮೊದಮೊದಲು ನಗುತ್ತಿದ್ದರು. ಚೋಮ ತೋಟದವರ ಸಾಲ ತೀರಿಸಲು ಗಂಡುಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳುಹಿಸುವ ಭಾಗ ಬಂದಾಗ, ಮಕ್ಕಳು ದುಡಿದರೂ ಸಾಲ ಯಾಕೆ ತೀರುವುದಿಲ್ಲ ಎಂದು ಊರಿನ ಮಕ್ಕಳಿಗೆ ಅರ್ಥವಾಗಲಿಲ್ಲ. ಅವನು ಅರ್ಥ ಮಾಡಿಸಿದ. ಮೇಸ್ತ್ರಿ ಕೊಡುವ ಮುಂಗಡ, ಅದನ್ನು ಬರೆದುಕೊಳ್ಳುವ ಪುಸ್ತಕ, ಆ ಪುಸ್ತಕ ಯಾವಾಗಲೂ ಕೊಟ್ಟವನ ಬಳಿಯೇ ಇರುವುದು, ರಜೆ ಮಾಡಿದ ದಿನಕ್ಕೆ ಲೆಕ್ಕ ಏರುವುದು, ಎಲ್ಲವನ್ನೂ ಬೋರ್ಡಿನ ಮೇಲೆ ಅಂಕಿ ಹಾಕಿ ತೋರಿಸಿದ. ಆ ದಿನದಿಂದ ಅವನ ನಿಧಾನದ ಓದಿಗೆ ಯಾರೂ ನಗಲಿಲ್ಲ.

ತೊಂದರೆಗಳೂ ಇದ್ದವು. ಈ ಕಾದಂಬರಿಯಲ್ಲಿ ಜಾತಿಯ ಹೆಸರುಗಳಿವೆ, ಇಂದು ಬಾಯಿಗೆ ತರಬಾರದ ಮಾತುಗಳಿವೆ. ಅದೇ ಸಮುದಾಯಗಳ ಮಕ್ಕಳು ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಅಂಥ ಪುಟಗಳನ್ನು ಯಾವ ಮಗುವಿನ ಕೈಯಲ್ಲೂ ಓದಿಸದೆ ಅಧ್ಯಾಪಕರೇ ಓದಬೇಕು. ಓದುವ ಮೊದಲು, ಇದು ಯಾಕೆ ಹೀಗೆ ಬರೆದಿದೆ, ಇಂದು ಆಡಿದರೆ ಏನು ಅಪರಾಧ ಎಂದು ಬಿಡಿಸಿ ಹೇಳಬೇಕು. ಒಬ್ಬಳು ವಿದ್ಯಾರ್ಥಿನಿ ನನ್ನಲ್ಲಿ ಕೇಳಿದ್ದು ಇಂದಿಗೂ ಮರೆತಿಲ್ಲ: ಚೋಮ ಕೊನೆಗೂ ಯಾರನ್ನೂ ಎದುರಿಸುವುದೇ ಇಲ್ಲ ಯಾಕೆ? ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸತ್ತರೆ ಯಾರಿಗೆ ಏನು ನಷ್ಟ? ದಲಿತ ಚಳವಳಿಯ ನಂತರ ಬಂದ ಓದುಗರು ಎತ್ತಿದ ಆಕ್ಷೇಪವೂ ಇದೇ. ಕಾರಂತರ ಪರ ವಕಾಲತ್ತು ಮಾಡುವುದು ನನ್ನ ಕೆಲಸವಲ್ಲವೆಂದು ಆ ಪ್ರಶ್ನೆಯನ್ನು ತರಗತಿಗೇ ಒಪ್ಪಿಸಿದೆ. ಒಬ್ಬ ಪಾಲಕರು ‘ಜಾತಿ ವಿಷಯ ಶಾಲೆಗೆ ಯಾಕೆ’ ಎಂದು ದೂರಿತ್ತರು. ಬಂದು ಕುಳಿತು ಕೇಳಿ ಎಂದೆ. ಬಂದರು, ಹಿಂದಿನ ಬೆಂಚಿನಲ್ಲಿ ಕುಳಿತರು, ಒಪ್ಪದೆಯೇ ಹೋದರು, ಎರಡನೆಯ ಸಲ ದೂರು ಕೊಡಲಿಲ್ಲ. ಅಷ್ಟು ಸಾಕು. ಅಧ್ಯಾಪಕರಿಗೆ ಇಂಥ ಸಂದರ್ಭದಲ್ಲಿ ಬೆನ್ನಿಗೆ ಇಲಾಖೆ ಇದೆ ಎಂಬ ಒಂದು ಸಾಲು ತಮ್ಮ ಸುತ್ತೋಲೆಯಲ್ಲಿ ಇರಲಿ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಒಂದು ದಿನದ ತರಬೇತಿಯಾಗಲಿ. ಪಿಪಿಟಿ ತೋರಿಸುವ ತರಬೇತಿ ಬೇಡ. ಅಧ್ಯಾಪಕರೇ ಸುತ್ತ ಕುಳಿತು ಒಂದು ಅಧ್ಯಾಯ ಓದಿ ತಮ್ಮಲ್ಲಿ ಜಗಳವಾಡಲಿ.

2022ರ ಮೊದಲ ತಿಂಗಳುಗಳು ತಮಗೂ ನೆನಪಿರಬಹುದು. ಹಿಜಾಬ್‌ನ ವಿವಾದದಲ್ಲಿ ಉಡುಪಿಯ ಹೆಸರು ದೇಶದ ಎಲ್ಲ ವಾಹಿನಿಗಳಲ್ಲಿತ್ತು. ಒಂದೇ ಕಾಲೇಜಿಗೆ ಹೋಗುತ್ತಿದ್ದ ಮಕ್ಕಳು ಗೇಟಿನ ಈಚೆ ಕೆಲವರು, ಆಚೆ ಕೆಲವರು ಎಂದು ನಿಂತದ್ದನ್ನು ನಾವು ನೋಡಿದೆವು. ಸರಿ ತಪ್ಪಿನ ತೀರ್ಪು ನನ್ನದಲ್ಲ. ಸುಪ್ರೀಂ ಕೋರ್ಟಿನಲ್ಲೇ ಅದು ಭಿನ್ನ ತೀರ್ಪಾಗಿ ನಿಂತಿತು. ನನ್ನನ್ನು ಕಾಡಿದ್ದು ಒಂದೇ: ಅಷ್ಟು ವರ್ಷ ಒಟ್ಟಿಗೆ ಕುಳಿತ ಆ ಮಕ್ಕಳಿಗೆ, ಒಪ್ಪದವಳ ಮಾತನ್ನು ಅವಳ ಪಕ್ಕದಲ್ಲೇ ಕುಳಿತು ಕೊನೆಯವರೆಗೆ ಕೇಳುವ ಅಭ್ಯಾಸವನ್ನು ನಾವು ಯಾವ ಅವಧಿಯಲ್ಲಿ ಮಾಡಿಸಿದ್ದೆವು? ಕಾದಂಬರಿಯ ಪಾತ್ರದ ಮೇಲೆ ವಾದ ಮಾಡುವಾಗ ಎದುರಿನವಳ ಮನೆ, ಜಾತಿ, ಪಕ್ಷ ಯಾವುದೂ ನಡುವೆ ಬರುವುದಿಲ್ಲ. ಬೈದರೂ ಸಂಕಪ್ಪಯ್ಯನಿಗೆ ತಾಗುತ್ತದೆ. ಹಾಗೆ ಕೈ ಪಳಗಿಸಿಕೊಳ್ಳಲು ಹದಿನಾಲ್ಕು ವರ್ಷ ಒಳ್ಳೆಯ ವಯಸ್ಸು.

ಯಾವ ಕಾದಂಬರಿ ಎಂದು ಇಲಾಖೆ ಒಂದೇ ಹೆಸರು ಹೊರಡಿಸಬಾರದು. ಹೊರಡಿಸಿದ ಮೂರನೆಯ ತಿಂಗಳಿಗೆ ಅದಕ್ಕೊಂದು ಗೈಡ್ ಅಂಗಡಿಗೆ ಬರುತ್ತದೆ. ಹತ್ತು ಹದಿನೈದು ಹೆಸರುಗಳ ಪಟ್ಟಿ ಇರಲಿ, ಆಯ್ಕೆ ಅಧ್ಯಾಪಕರದ್ದು. ಕಾರಂತರದ್ದೇ ‘ಬೆಟ್ಟದ ಜೀವ’ ಈಗಿನ ಮಕ್ಕಳಿಗೆ ಬೇಗ ತಟ್ಟುತ್ತದೆ: ಮನೆ ಬಿಟ್ಟು ಹೋದ ಮಗನ ದಾರಿ ನೋಡುತ್ತ ಕಾಡಿನ ನಡುವೆ ತೋಟ ಮಾಡಿಕೊಂಡಿರುವ ಗೋಪಾಲಯ್ಯ, ಶಂಕರಿ ದಂಪತಿಯಂಥವರು ಇಂದು ನಮ್ಮ ಓಣಿಗೊಂದು ಮನೆಯಲ್ಲಿದ್ದಾರೆ, ಮಗ ಬೆಂಗಳೂರಿನಲ್ಲೋ ದುಬೈನಲ್ಲೋ ಇರುತ್ತಾನೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಹೆಮ್ಮೆಯ ವಿಷಯವೇ, ಆದರೆ ಅದರ ಭಾಷೆಯನ್ನು ಒಂಬತ್ತನೆಯವರ ಮೇಲೆ ಹೇರಿದರೆ ಅವರು ಜನ್ಮದಲ್ಲಿ ಇನ್ನೊಂದು ಕಾದಂಬರಿ ಮುಟ್ಟುವುದಿಲ್ಲ. ಒಂದೆರಡು ಪುಟ ಓದಿ ತೋರಿಸಿದರೆ ಸಾಕು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪಟ್ಟಿಯಲ್ಲಿ ಇರಲೇಬೇಕೆಂದು ನನ್ನ ಹಟ. ಅದರ ನಾಯಕಿ ನಾದಿರಾಳ ಕಥೆ ಹದಿನಾಲ್ಕರ ವಯಸ್ಸಿಗೆ ಭಾರವಾಯಿತೆನ್ನುವವರು, ಅವಳಿಗೆ ಮದುವೆ ಮಾಡಿದಾಗ ಅವಳಿಗೆಷ್ಟು ವಯಸ್ಸು ಎಂದು ಪುಸ್ತಕ ತೆರೆದು ನೋಡಿಕೊಳ್ಳಲಿ.

ಹಣದ ಮಾತು. ಶಾಲೆಗೊಂದು ಸೆಟ್ ಕೊಳ್ಳಬೇಕಾಗಿಲ್ಲ. ಹತ್ತಿರದ ಕೆಲವು ಶಾಲೆಗಳ ಗುಂಪಾದ ಒಂದು ಕ್ಲಸ್ಟರಿಗೆ ಒಂದು ಕಾದಂಬರಿಯ ಮೂವತ್ತು ಪ್ರತಿ ಇದ್ದರೆ ವರ್ಷದ ಮೊದಲ ಅರ್ಧದಲ್ಲಿ ಒಂದು ಶಾಲೆ, ಎರಡನೆಯದರಲ್ಲಿ ಇನ್ನೊಂದು ಶಾಲೆ ಓದಬಹುದು. ಪ್ರಶ್ನೆಪತ್ರಿಕೆ ಸಾಗಿಸುವ ವ್ಯವಸ್ಥೆ ಇರುವವರಿಗೆ ಪುಸ್ತಕದ ರಟ್ಟಿನ ಪೆಟ್ಟಿಗೆ ಸಾಗಿಸುವುದು ಕಷ್ಟವಲ್ಲ. ಸರಕಾರದ ಗ್ರಂಥಾಲಯ ಅನುದಾನದಲ್ಲಿ ಯಾರೋ ಆರಿಸಿ ಕಳುಹಿಸುವ ಒಂದೊಂದು ಪ್ರತಿಯ ಬದಲು ಇದಕ್ಕೆ ಒಂದು ಪಾಲು ಇಡಿ. ಉಳಿದದ್ದಕ್ಕೆ ಹಳೆ ವಿದ್ಯಾರ್ಥಿ ಸಂಘಗಳಿವೆ. ನಮ್ಮ ಊರಿನ ದಾನಿಗಳು, ಮುಂಬೈಯಲ್ಲಿ ಹೋಟೆಲು ನಡೆಸಿ ದೊಡ್ಡವರಾದವರು, ಕೇಳಿದರೆ ಇಲ್ಲ ಎನ್ನುವುದಿಲ್ಲ. ರಂಗಮಂದಿರ, ಧ್ವಜಸ್ತಂಭ, ನೀರಿನ ಫಿಲ್ಟರ್, ಉಕ್ಕಿನ ಕಪಾಟು ಎಲ್ಲದರ ಮೇಲೂ ಅವರ ಹೆಸರಿದೆ. ಆ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ತಪಾಸಣೆಗೆ ಹೋದಾಗ ಒಮ್ಮೆ ಕೇಳಿ ನೋಡಿ. ಪುಸ್ತಕದ ಒಳರಟ್ಟಿನಲ್ಲಿ ದಾನಿಯ ಹೆಸರು ಅಚ್ಚು ಮಾಡಿಸೋಣ, ತಂದೆ ತಾಯಿಯ ಸ್ಮರಣಾರ್ಥ ಎಂದೂ ಸೇರಿಸೋಣ. ಮಕ್ಕಳು ಅದನ್ನೂ ಓದುತ್ತಾರೆ.

ಕೊನೆಗೆ ನನ್ನ ಭಯಗಳು, ಅವು ಶರತ್ತುಗಳು ಎಂದೇ ತಿಳಿಯಿರಿ. ಇದಕ್ಕೊಂದು ಆಕರ್ಷಕ ಹೆಸರಿಟ್ಟು, ಬ್ಯಾನರ್ ಕಟ್ಟಿ, ಶಾಸಕರಿಂದ ಉದ್ಘಾಟನೆ ಮಾಡಿಸಬೇಡಿ. ಓದಿದ ಫೋಟೋವನ್ನು ಅಕ್ಷಾಂಶ ರೇಖಾಂಶ ಸಹಿತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕೆಂದು ಆದೇಶಿಸಬೇಡಿ. ಹಾಗೆ ಮಾಡಿದರೆ ಫೋಟೋ ಬರುತ್ತದೆ, ಓದು ನಿಲ್ಲುತ್ತದೆ. ತಾಲ್ಲೂಕು ಮಟ್ಟದ ಸ್ಪರ್ಧೆ, ಪ್ರಬಂಧ, ರಸಪ್ರಶ್ನೆ ಯಾವುದೂ ಬೇಡ. ರೂಪಣಾತ್ಮಕ ಮೌಲ್ಯಮಾಪನದ ಹತ್ತು ಅಂಕವನ್ನು ಇದಕ್ಕೆ ಜೋಡಿಸೋಣ ಎಂದು ಸಭೆಯಲ್ಲಿ ಯಾರಾದರೂ ಉತ್ಸಾಹಿಗಳು ಹೇಳಿಯೇ ಹೇಳುತ್ತಾರೆ, ದಯವಿಟ್ಟು ಅವರಿಗೆ ಚಹಾ ಕೊಟ್ಟು ಕೂರಿಸಿ. ವರ್ಷದ ಕೊನೆಗೆ ತಾವು ಶಾಲೆಗೆ ಹೋದಾಗ ಒಂಬತ್ತನೆಯ ತರಗತಿಯ ಯಾವುದೇ ಒಂದು ಮಗುವನ್ನು ನಿಲ್ಲಿಸಿ, ನೀನು ಓದಿದ ಕಾದಂಬರಿಯಲ್ಲಿ ನಿನಗೆ ಯಾರ ಮೇಲೆ ಸಿಟ್ಟು ಬಂತು ಎಂದು ಕೇಳಿದರೆ ತಮಗೆ ಬೇಕಾದ ವರದಿ ಸಿಗುತ್ತದೆ.

ವೇಳಾಪಟ್ಟಿ ತಯಾರಾಗುವುದು ಮೇ ಕೊನೆಯ ವಾರದಲ್ಲಿ. ಸುತ್ತೋಲೆ ಅದಕ್ಕೆ ಮೊದಲು ಹೊರಡಬೇಕು. ಜೂನ್‌ನಲ್ಲಿ ಬಂದರೆ ಗಣಿತದವರು ಆಗಲೇ ಅವಧಿ ತೆಗೆದುಕೊಂಡಿರುತ್ತಾರೆ. ಪುಸ್ತಕದ ಪಟ್ಟಿ ಮಾಡುವ ಸಭೆಗೆ ಕರೆದರೆ ಬ್ರಹ್ಮಾವರದಿಂದ ಬಸ್ಸು ಹತ್ತಿ ಬರುತ್ತೇನೆ, ಪ್ರಯಾಣಭತ್ಯೆ ಬೇಡ. ‘ಚಂದ್ರಗಿರಿಯ ತೀರದಲ್ಲಿ’ಯ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ವಾದ ಮಾಡುತ್ತೇನೆ, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ,
ಬ್ರಹ್ಮಾವರ